ಹಳೆಯ ವಾಲ್ವು ಮೈಕಿನ ಪ್ರತಿಯೊಂದನ್ನು ಕಟ್ಟಿದ ಬಗೆ



ಕಳೆದ ವರ್ಷ ನಮ್ಮ ಶಾಲೆಯ ವಿಜ್ಞಾನದ ಕೋಣೆಯಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಗಳ ಆರು ಮಂದಿ ಬಾಲಿಕೆಯರು, ಭೌತಶಾಸ್ತ್ರದ ಅಧ್ಯಾಪಿಕೆಯವರ ಮೇಲ್ವಿಚಾರಣೆಯಲ್ಲಿ, ಒಂದು ಮೈಕ್ರೋಫೋನನ್ನು ತಮ್ಮ ಕೈಯಿಂದಲೇ ಕಟ್ಟಿದರೆಂಬ ಸಂಗತಿಯನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು. ಅಂಗಡಿಯಲ್ಲಿ ಮೈಕು ದೊರೆಯುವುದಿಲ್ಲವೇ ಎಂದು ಕೆಲವರೂ, ವಿದ್ಯುತ್ತಿನ ಅಪಾಯದ ಕೆಲಸವನ್ನು ಹೆಣ್ಣುಮಕ್ಕಳ ಕೈಗೆ ಕೊಡುವುದೇಕೆ ಎಂದು ಕೆಲವರೂ ನಮ್ಮನ್ನು ಕೇಳಿದ್ದುಂಟು. ಇವೆರಡೂ ನ್ಯಾಯವಾದ ಪ್ರಶ್ನೆಗಳು. ಅವುಗಳಿಗೆ ಉತ್ತರ ಹೇಳುವುದಕ್ಕೂ, ಆ ಯಂತ್ರವು ಕೆಲಸ ಮಾಡುವ ಬಗೆಯನ್ನು ವಿವರಿಸುವುದಕ್ಕೂ, ನಮ್ಮಿಂದಾದ ಒಂದು ತಪ್ಪನ್ನು ಒಪ್ಪಿಕೊಳ್ಳುವುದಕ್ಕೂ ಈ ಸ್ಮರಣ ಸಂಚಿಕೆಯ ಕೆಲವು ಪುಟಗಳನ್ನು ಉಪಯೋಗಿಸಿಕೊಳ್ಳುತ್ತೇವೆ.

ಮೊದಲು ಉದ್ದೇಶವನ್ನು ಹೇಳಬೇಕು. ನಮ್ಮಲ್ಲಿ ಬಹುಕಾಲ ಸಂಗೀತವನ್ನು ಕಲಿಸಿ ನಿವೃತ್ತರಾದ ಟೀಚರಮ್ಮನವರನ್ನು ಹಳೆಯ ವಿದ್ಯಾರ್ಥಿನಿಯರಾರೂ ಮರೆತಿರಲಾರರು. ನಾವೂ ಅವರ ಕೈಕೆಳಗೆ ಹಾಡು ಕಲಿತವರೇ. ಬೆಳಗಿನ ಕೂಟಕ್ಕೆ, ಕ್ರೀಡೆಯ ದಿನಕ್ಕೆ, ಹತ್ತನೆಯ ತರಗತಿಯವರ ಬೀಳ್ಕೊಡುಗೆಗೆ ಅವರು ತಾವೇ ಹಾಡುಗಳನ್ನು ಕಟ್ಟಿ ಕಲಿಸುತ್ತಿದ್ದರು. ಅವುಗಳನ್ನು ಯಾರೂ ಬರೆದಿಡಲಿಲ್ಲ, ಸ್ವರಲಿಪಿಯೂ ಇಲ್ಲ. ಅವೆಲ್ಲ ಅವರೊಬ್ಬರ ನೆನಪಿನಲ್ಲಿ ಮಾತ್ರ ಉಳಿದಿದ್ದುವು. ಅವರಿಗೆ ಈಗ ಎಂಬತ್ತು ವರ್ಷ ಮೀರಿದೆ, ಧ್ವನಿ ಮೆತ್ತಗಾಗಿದೆ. ಸಭೆಗಳಲ್ಲಿ ನಾವು ಬಳಸುವ ಮೈಕು ಬಾಯಿಯ ಹತ್ತಿರವಿಟ್ಟು ಗಟ್ಟಿಯಾಗಿ ಮಾತಾಡುವವರಿಗಾಗಿ ಆದುದು. ಅಂಥ ಕ್ಷೀಣ ಸ್ವರವನ್ನು ಹಿಡಿಯುವುದಕ್ಕೆ ಅದು ಸಾಲದು. ಅದಕ್ಕೆ ಕಂಡೆನ್ಸರ್ ಮೈಕ್ರೋಫೋನೆಂಬ ಸೂಕ್ಷ್ಮ ಜಾತಿಯದೇ ಬೇಕು.

ಈ ಜಾತಿಯ ಮೈಕನ್ನು 1916ರಲ್ಲಿ ಅಮೆರಿಕಾದ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದ ಇ. ಸಿ. ವೆಂಟೆ ಎಂಬವರು ಕಂಡುಹಿಡಿದರು. 1928ರಲ್ಲಿ ಬರ್ಲಿನ್ ನಗರದಲ್ಲಿ ಗೇಯೋರ್ಗ್ ನೋಯ್ಮನ್ನರು ತಮ್ಮ ಹೆಸರಿನ ಕಾರ್ಖಾನೆಯನ್ನು ಸ್ಥಾಪಿಸಿ, ಅದನ್ನು ಮಾರಾಟಕ್ಕಾಗಿ ತಯಾರಿಸತೊಡಗಿದರು. ಯುದ್ಧಕಾಲದಲ್ಲಿ ಬಾಂಬಿನ ದಾಳಿಯಿಂದ ಆ ಕಾರ್ಖಾನೆಗೆ ಹಾನಿಯಾಗಲು, 1943ರಲ್ಲಿ ಕೆಲಸವನ್ನು ಗೆಫೆಲ್ ಎಂಬ ಸಣ್ಣ ಊರಿಗೆ ಸಾಗಿಸಬೇಕಾಯಿತು. ಯುದ್ಧ ಮುಗಿದ ಮೇಲೆ ನೋಯ್ಮನ್ನರು ಬರ್ಲಿನಿನಲ್ಲಿ ಪುನಃ ಕೆಲಸ ಆರಂಭಿಸಿ, 1949ರಲ್ಲಿ 'ಯು 47' ಎಂಬ ಮೈಕನ್ನು ಹೊರತಂದರು. ಫ್ರಾಂಕ್ ಸಿನಾತ್ರ ಅವರ ಗಾಯನವೂ, ಲಂಡನ್ನಿನ ಅಬೀ ರೋಡ್ ಸ್ಟುಡಿಯೋದಲ್ಲಿ ಬೀಟಲ್ಸ್ ತಂಡದವರ ಹಾಡುಗಳೂ ಇದರ ಮೂಲಕ ಮುದ್ರಿತವಾದುವು. 1965ರಲ್ಲಿ ಅದರ ತಯಾರಿಕೆ ನಿಂತಿತು. ಉಳಿದಿರುವ ಹಳೆಯ ಮೈಕುಗಳು ಈಗ ಹಲವು ಲಕ್ಷ ರೂಪಾಯಿಗಳಿಗೆ ಮಾರಾಟವಾಗುತ್ತವೆ. ಆದುದರಿಂದ ಅದರ ನಕ್ಷೆಯನ್ನು ನೋಡಿಕೊಂಡು, ಬಿಡಿಭಾಗಗಳನ್ನು ತರಿಸಿ, ತಮ್ಮಷ್ಟಕ್ಕೆ ಪ್ರತಿಗಳನ್ನು ಕಟ್ಟಿಕೊಳ್ಳುವವರು ಲೋಕದ ಅನೇಕ ಕಡೆಗಳಲ್ಲಿ ಇದ್ದಾರೆ. ನಾವು ಆರಿಸಿಕೊಂಡದ್ದು ಅದೇ ದಾರಿಯನ್ನು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಇಂದಿನ ಟ್ರಾನ್ಸಿಸ್ಟರ್ ಕಂಡೆನ್ಸರ್ ಮೈಕೊಂದನ್ನು ಕೊಂಡಿದ್ದರೂ ಹಾಡುಗಳು ಚೆನ್ನಾಗಿಯೇ ಮುದ್ರಿತವಾಗುತ್ತಿದ್ದುವು, ಖರ್ಚೂ ಕಡಿಮೆಯಾಗುತ್ತಿತ್ತು. ಆದರೆ ಅಂಥದನ್ನು ಬಿಚ್ಚಿ ನೋಡಿದರೆ ಮಕ್ಕಳಿಗೆ ಸಾಸಿವೆ ಕಾಳಿನಷ್ಟು ಚಿಕ್ಕ ಕಪ್ಪು ತುಣುಕುಗಳಲ್ಲದೆ ಬೇರೇನೂ ಕಾಣದು. ವಾಲ್ವಿನ ಮೈಕಿನಲ್ಲಾದರೋ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುವಷ್ಟು ದೊಡ್ಡದು. ಒಂದೊಂದು ಭಾಗಕ್ಕೆ ಒಂದೊಂದೇ ಕೆಲಸ. ಪಾಠಕ್ಕೆ ಇದೇ ತಕ್ಕದ್ದೆಂದು ನಮ್ಮ ಅಧ್ಯಾಪಿಕೆಯವರು ಹೇಳಿದರು, ನಾವು ಒಪ್ಪಿದೆವು.

ಈಗ ಅದು ಕೆಲಸ ಮಾಡುವ ಕ್ರಮವನ್ನು ನೋಡೋಣ. ನಿಮ್ಮ ಮನೆಯ ಫ್ಯಾನಿನಲ್ಲಿ ಕಂಡೆನ್ಸರ್ ಎಂಬ ಭಾಗವಿರುವುದನ್ನು ನೀವು ಬಲ್ಲಿರಷ್ಟೆ. ಹತ್ತಿರ ಹತ್ತಿರವಾಗಿ, ಆದರೆ ಒಂದಕ್ಕೊಂದು ತಗಲದಂತೆ ಇರಿಸಿದ ಎರಡು ಲೋಹದ ಹಾಳೆಗಳೇ ಕಂಡೆನ್ಸರ್; ಅದರಲ್ಲಿ ವಿದ್ಯುತ್ತನ್ನು ತುಂಬಿಡಬಹುದು. ಮೈಕಿನ ತಲೆಯಲ್ಲಿರುವ ಕ್ಯಾಪ್ಸೂಲ್ ಎಂಬುದೂ ಅಂಥ ಒಂದು ಕಂಡೆನ್ಸರೇ. ಅದರಲ್ಲಿ ರಂಧ್ರಗಳನ್ನು ಕೊರೆದ ಹಿತ್ತಾಳೆಯ ದಪ್ಪ ಬಿಲ್ಲೆಯೊಂದಿದ್ದು, ಅದರ ಮುಂದೆ ಬಂಗಾರದ ಲೇಪವುಳ್ಳ ಪ್ಲಾಸ್ಟಿಕ್ಕಿನ ಪೊರೆಯೊಂದನ್ನು ಬಿಗಿದಿರುತ್ತಾರೆ. ನಾವು ತರಿಸಿದ ಕ್ಯಾಪ್ಸೂಲಿನ ಪೊರೆ ಆರು ಮೈಕ್ರಾನ್ ದಪ್ಪದ್ದು. ಎಂದರೆ ತಲೆಗೂದಲಿನ ದಪ್ಪದ ಸುಮಾರು ಹತ್ತನೆಯ ಒಂದು ಪಾಲು. ಪೊರೆಗೂ ಬಿಲ್ಲೆಗೂ ನಡುವಣ ಅಂತರವೂ ಕೂದಲೆಳೆಗಿಂತ ಕಡಿಮೆ. ಹಾಡಿನ ಗಾಳಿಯ ಅಲೆ ತಾಕಿದೊಡನೆ ಪೊರೆ ಕಂಪಿಸುವುದು. ಅಂತರವು ಹೆಚ್ಚು ಕಡಿಮೆಯಾಗುವುದು.

ಇದರಿಂದ ವಿದ್ಯುತ್ತಿನಲ್ಲಿ ಬದಲಾವಣೆ ಆಗುವುದು ಹೇಗೆ? ಬದಿಗಳನ್ನು ಒತ್ತಬಹುದಾದ ರಬ್ಬರಿನ ಪಾತ್ರೆಯೊಂದರಲ್ಲಿ ನೀರು ತುಂಬಿದೆಯೆಂದು ಭಾವಿಸಿರಿ. ಬದಿಗಳನ್ನು ಒತ್ತಿದರೆ ಪಾತ್ರೆ ಇಕ್ಕಟ್ಟಾಗಿ ನೀರಿನ ಮಟ್ಟ ಏರುವುದು. ಸಡಿಲಬಿಟ್ಟರೆ ಅಗಲವಾಗಿ ಮಟ್ಟ ಇಳಿಯುವುದು. ನೀರಿನ ಪ್ರಮಾಣವು ಮಾತ್ರ ಇದ್ದಷ್ಟೇ ಇರುವುದು. ಕ್ಯಾಪ್ಸೂಲಿನಲ್ಲಿ ಸುಮಾರು 60 ವೋಲ್ಟಿನ ಮಟ್ಟಕ್ಕೆ ವಿದ್ಯುತ್ತನ್ನು ತುಂಬಿರುತ್ತದೆ. ಪೊರೆಯು ಬಿಲ್ಲೆಗೆ ಸಮೀಪಿಸಿದಾಗ ಪಾತ್ರೆ ಅಗಲವಾದಂತೆ ವೋಲ್ಟಿನ ಮಟ್ಟ ಇಳಿಯುವುದು. ದೂರ ಸರಿದಾಗ ಪಾತ್ರೆ ಇಕ್ಕಟ್ಟಾದಂತೆ ಏರುವುದು. ಈ ಏರಿಳಿತವೇ ಹಾಡಿನ ವಿದ್ಯುತ್ ರೂಪ.

ಆದರೆ ಪಾತ್ರೆಯ ತಳದಲ್ಲಿ ತೂತಿದ್ದರೆ ಏನಾಗುವುದು? ಮಟ್ಟ ಏರುವುದಕ್ಕೆ ಮೊದಲೇ ನೀರು ಸೋರಿಹೋಗುವುದು. ಆದುದರಿಂದಲೇ ಕ್ಯಾಪ್ಸೂಲಿಗೆ ವಿದ್ಯುತ್ತನ್ನು ತುಂಬುವ ದಾರಿಯನ್ನು ಅತ್ಯಂತ ಕಿರಿದು ಮಾಡಿರುತ್ತಾರೆ. ನಾವು ಅಲ್ಲಿ ಬಳಸಿದ ರೆಸಿಸ್ಟರಿನ ತಡೆ ಹತ್ತು ಕೋಟಿ ಓಮುಗಳು. ಮನೆಯ ಇಸ್ತ್ರಿಪೆಟ್ಟಿಗೆಯ ತಂತಿಯ ತಡೆ ನೂರು ಓಮನ್ನೂ ಮುಟ್ಟುವುದಿಲ್ಲವೆಂಬುದನ್ನು ನೆನೆದರೆ ಇದರ ಮಹತ್ತು ತಿಳಿಯುವುದು. ಈ ಮೈಕಿನ ಒಳಗಣ ಸಕಲ ಕೆಲಸಕ್ಕೂ ಒಂದೇ ಸೂತ್ರ: ಸೋರಿಕೆ ಇರಕೂಡದು. ವಾಚಕರು ಈ ಮಾತನ್ನು ನೆನಪಿನಲ್ಲಿಡಬೇಕೆಂದು ಬೇಡುತ್ತೇವೆ. ನಮ್ಮ ತಪ್ಪಿನ ಕಥೆ ಇದರಲ್ಲಿಯೇ ಅಡಗಿದೆ.

ಇಂಥ ಪಾತ್ರೆಯ ಮಟ್ಟವನ್ನು ಅಳೆಯುವವನು ಅದರಿಂದ ಒಂದು ತೊಟ್ಟು ನೀರನ್ನೂ ಕುಡಿಯಕೂಡದು. ಆ ಕೆಲಸಕ್ಕೆ ವಾಲ್ವು ಬೇಕಾಗುವುದು. ವಾಲ್ವೆಂದರೆ ಒಳಗಣ ಗಾಳಿಯನ್ನು ತೆಗೆದು ಮುಚ್ಚಿದ ಬುರುಡೆ. ಅದರ ನಡುವೆ ಬಿಸಿಯಾಗುವ ಒಂದು ನಾಳ. ಬಿಸಿಯಾದಾಗ ಅದರಿಂದ ಇಲೆಕ್ಟ್ರಾನುಗಳೆಂಬ ಕಣಗಳು ಹೊರಟು, ಸುತ್ತಲಿನ ಪ್ಲೇಟಿನ ಕಡೆಗೆ ಹಾರುವುವು. ನಡುದಾರಿಯಲ್ಲಿ ಗ್ರಿಡ್ ಎಂಬ ತಂತಿಯ ಜಾಲರಿಯಿರುವುದು. ಜಾಲರಿಯ ವೋಲ್ಟಿನ ಮಟ್ಟವು ತುಸುವೇ ಬದಲಾದರೂ ಅದನ್ನು ದಾಟಿ ಹೋಗುವ ಪ್ರವಾಹವು ಅದಕ್ಕೆ ತಕ್ಕಂತೆ ಬದಲಾಗುವುದು. ಆದರೆ ಜಾಲರಿಯು ತಾನು ಏನನ್ನೂ ಕುಡಿಯುವುದಿಲ್ಲವೆನ್ನಬಹುದು. 1906ರಲ್ಲಿ ಅಮೆರಿಕಾದ ಲೀ ಡಿ ಫಾರೆಸ್ಟ್ ಎಂಬವರು ಈ ಜಾಲರಿಯನ್ನು ಸೇರಿಸಿದರು. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿ, ಅದು ಮನೆಮನೆಗೆ ಬರುವ ತನಕ ರೇಡಿಯೋಗಳು ಬಹುಮಟ್ಟಿಗೆ ವಾಲ್ವುಗಳಿಂದಲೇ ನಡೆದುವು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಮುಂದೆ ರೇಡಿಯೋ ವಾಲ್ವುಗಳನ್ನು ತಯಾರಿಸಿತು. ಗುಂಡಿ ತಿರುಗಿಸಿ ರೇಡಿಯೋ ಕಾಯುವ ತನಕ ಕಾದುಕೊಂಡಿರುತ್ತಿದ್ದ ಕಾಲವನ್ನು ನಮ್ಮ ಹಿರಿಯ ವಿದ್ಯಾರ್ಥಿನಿಯರು ಬಲ್ಲರು.

ವಾಲ್ವಿನಿಂದ ಹೊರಟ ಸಂಕೇತವು ಕಬ್ಬಿಣದ ಪಟ್ಟಿಗಳ ಮೇಲೆ ತಾಮ್ರದ ತಂತಿ ಸುತ್ತಿದ ಚಿಕ್ಕ ಟ್ರಾನ್ಸ್‌ಫಾರ್ಮರಿಗೆ ಹೋಗುವುದು. ಅದರ ಒಂದು ಕಡೆ ಸುತ್ತುಗಳು ಹೆಚ್ಚು, ಮತ್ತೊಂದು ಕಡೆ ಕಡಿಮೆ. ಅದು ವೋಲ್ಟನ್ನು ತಗ್ಗಿಸಿ ಪ್ರವಾಹಕ್ಕೆ ಬಲ ಕೊಡುವುದರಿಂದ, ಉದ್ದವಾದ ತಂತಿಯಲ್ಲಿ ಹೋದರೂ ಹಾಡು ಕುಗ್ಗುವುದಿಲ್ಲ. ವಾಲ್ವಿಗೆ ಬೇಕಾದ ವಿದ್ಯುತ್ತನ್ನು ಬೇರೆಯೇ ಒಂದು ಪೆಟ್ಟಿಗೆಯಿಂದ ಕೊಡಬೇಕು. ಇಂದಿನ ಮುದ್ರಣಯಂತ್ರಗಳು ಮೈಕಿಗೆ ಕೊಡುವ 48 ವೋಲ್ಟಿನ ಸರಬರಾಜು ಈ ವಾಲ್ವಿನ ಹೊಟ್ಟೆಗೆ ಸಾಲದು.

ಪ್ರತಿ ಮಾಡುವುದೆಂದರೆ ಕಣ್ಣುಮುಚ್ಚಿ ನಕಲು ಮಾಡುವುದಲ್ಲವೆಂಬ ಪಾಠ ಮಕ್ಕಳಿಗೆ ಮೊದಲನೆಯ ದಿನವೇ ಆಯಿತು. ಮೂಲದ ಯು 47ರಲ್ಲಿದ್ದ ವಾಲ್ವು ಜರ್ಮನಿಯ ಟೆಲೆಫುಂಕನ್ ಕಾರ್ಖಾನೆಯ 'ವಿಎಫ್ 14'. ಅದು ರೇಡಿಯೋಗಳಿಗಾಗಿ ಮಾಡಿದ ಉಕ್ಕಿನ ಕವಚದ ವಾಲ್ವು. ಅದರ ಕಾಯುವ ತಂತಿಗೆ 55 ವೋಲ್ಟ್ ಕೊಡಬೇಕಾಗಿದ್ದರೂ, ಸದ್ದು ಕಡಿಮೆಯಾಗಲೆಂದೂ ಹೆಚ್ಚು ಕಾಲ ಬಾಳಲೆಂದೂ ನೋಯ್ಮನ್ನರ ಕಡೆಯವರು ಸುಮಾರು 35 ವೋಲ್ಟಿನಲ್ಲಿಯೇ ನಡೆಯಿಸಿದರು. ವಾಲ್ವುಗಳನ್ನು ಒಂದೊಂದಾಗಿ ಪರೀಕ್ಷಿಸಿ, ನಿಶ್ಶಬ್ದವಾದವುಗಳನ್ನು ಮಾತ್ರ ಆರಿಸಿಕೊಳ್ಳುತ್ತಿದ್ದರು. 1950ರ ದಶಕದ ಕೊನೆಗೆ ಆ ವಾಲ್ವಿನ ತಯಾರಿಕೆಯೇ ನಿಂತುಹೋಯಿತು. ಇಂದು ಅದನ್ನು ಕೊಳ್ಳುವುದು ನಮ್ಮಂಥವರಿಂದ ಆಗದ ಮಾತು. ಆಗ ಬಾಲಿಕೆಯರು ಕೇಳಬೇಕಾದ ಪ್ರಶ್ನೆ 'ಅಲ್ಲಿ ಏನಿತ್ತು?' ಎಂಬುದಲ್ಲ, 'ಅದು ಅಲ್ಲಿ ಏನು ಮಾಡುತ್ತಿತ್ತು?' ಎಂಬುದು. ಕೆಲಸ ತಿಳಿದರೆ ಬದಲಿಯನ್ನು ಹುಡುಕಬಹುದು. 1960ರಲ್ಲಿ ನೋಯ್ಮನ್ ಸಂಸ್ಥೆಯವರೇ ತಮ್ಮ ಯು 67 ಎಂಬ ಮೈಕಿನಲ್ಲಿ 'ಇಎಫ್ 86' ಎಂಬ ವಾಲ್ವನ್ನು ಬಳಸಿದ್ದರು. ಅದು ಸುಲಭವಾಗಿ ದೊರೆಯುವುದು; ಅದರ ಕಾಯುವ ತಂತಿಗೆ 6.3 ವೋಲ್ಟ್ ಸಾಕು. ನಾವೂ ಅದನ್ನೇ ಆರಿಸಿಕೊಂಡೆವು.

ವಾಲ್ವು ಕೆಂಪಗೆ ಉರಿಯುವುದರಿಂದ ಸ್ವರಕ್ಕೆ ಒಂದು ಬಗೆಯ ಬಿಸುಪು ಬರುತ್ತದೆಂದು ಹೇಳುವವರಿದ್ದಾರೆ. ಮೆಲ್ಲನೆಯ ಹಾಡಿಗೆ ವಾಲ್ವು ಸೇರಿಸುವುದು ಬಹು ಸ್ವಲ್ಪ. ಮೈಕಿನ ಸ್ವಭಾವವು ಬಹುಮಟ್ಟಿಗೆ ಕ್ಯಾಪ್ಸೂಲಿನಿಂದ, ಅದರ ಸುತ್ತಲಿನ ತಂತಿಬಲೆಯ ಬುಟ್ಟಿಯ ಆಕಾರದಿಂದ, ಟ್ರಾನ್ಸ್‌ಫಾರ್ಮರಿನಿಂದ ಬರುವುದು. ಆದುದರಿಂದ ನಮ್ಮ ಹಣದ ದೊಡ್ಡ ಪಾಲನ್ನು ಕ್ಯಾಪ್ಸೂಲಿಗೆ ವೆಚ್ಚ ಮಾಡಿದೆವು. ಪೊರೆಯನ್ನು ಬಿಗಿಯುವುದು ಶಾಲೆಯಲ್ಲಿ ಆಗುವ ಕೆಲಸವಲ್ಲ; ಅದನ್ನು ಸಿದ್ಧವಾಗಿಯೇ ತರಿಸಿದೆವು. ಅದರಲ್ಲಿ ಹಿಂದೆ ಮುಂದೆ ಎರಡು ಪೊರೆಗಳಿದ್ದರೂ, ಎದುರಿಗಿರುವ ಸ್ವರವನ್ನು ಹೆಚ್ಚಾಗಿಯೂ ಬೆನ್ನಿನ ಕಡೆಯ ಸದ್ದನ್ನು ಕಡಿಮೆಯಾಗಿಯೂ ಕೇಳುವಂತೆ, ಮುಂದಿನದಕ್ಕೆ ಮಾತ್ರ ವಿದ್ಯುತ್ತನ್ನು ಕೊಟ್ಟೆವು.

ಕಟ್ಟುವ ಕೆಲಸ ಎರಡು ತಿಂಗಳು ನಡೆಯಿತು. ಮೊದಲ ಎರಡು ವಾರ ಬಾಲಿಕೆಯರು ಹಳೆಯ ತಂತಿಗಳ ಮೇಲೆ ಬೆಸುಗೆ ಹಾಕುವುದನ್ನೇ ಅಭ್ಯಾಸ ಮಾಡಿದರು. ಬೆಸುಗೆಯ ಸೀಸ ಹೊಳೆಯುತ್ತ ಹರಿದು ಹಬ್ಬಬೇಕು; ಮಂಕಾಗಿ ಮುದ್ದೆಗಟ್ಟಿದರೆ ಅದನ್ನು ತೆಗೆದು ಪುನಃ ಹಾಕಬೇಕು. ಪ್ರತಿ ರೆಸಿಸ್ಟರನ್ನೂ ಕೂರಿಸುವ ಮೊದಲು ಮೀಟರಿನಿಂದ ಅಳೆದು ಪುಸ್ತಕದಲ್ಲಿ ಬರೆದರು. ಕ್ಯಾಪ್ಸೂಲ್, ವಾಲ್ವಿನ ಜಾಲರಿ, ಹತ್ತು ಕೋಟಿ ಓಮಿನ ರೆಸಿಸ್ಟರ್ ಇವು ಕೂಡುವ ಜಾಗವನ್ನು ಯಾವ ಹಲಗೆಗೂ ತಗಲಿಸದೆ ಗಾಳಿಯಲ್ಲಿಯೇ ನಿಲ್ಲಿಸಿ ಬೆಸೆದರು. ಹಲಗೆಯೂ ಸೋರಿಕೆಗೆ ದಾರಿಯಾಗಬಲ್ಲದು.

ಅಪಾಯದ ವಿಷಯವನ್ನು ತಂದೆತಾಯಂದಿರಿಗೆ ಸ್ಪಷ್ಟವಾಗಿ ಹೇಳುತ್ತೇವೆ. ಅಪಾಯವಿಲ್ಲವೆಂದು ನಾವು ಹೇಳುವುದಿಲ್ಲ. ಸರಬರಾಜಿನ ಪೆಟ್ಟಿಗೆಗೆ ಬರುವುದು ಮನೆಯ 230 ವೋಲ್ಟ್. ಅಲ್ಲಿಂದ ಮೈಕಿಗೆ ಹೋಗುವುದೂ ನೂರು ವೋಲ್ಟಿಗೆ ಮೇಲ್ಪಟ್ಟದ್ದು. ಸ್ವಿಚ್ಚು ಆರಿಸಿದ ಮೇಲೆಯೂ ಪೆಟ್ಟಿಗೆಯ ಕಂಡೆನ್ಸರುಗಳಲ್ಲಿ ವಿದ್ಯುತ್ತು ಉಳಿದಿದ್ದು ಹೊಡೆಯಬಲ್ಲದು. ಆದುದರಿಂದ ಪೆಟ್ಟಿಗೆಯನ್ನು ಪರವಾನಗಿಯುಳ್ಳ ಎಲೆಕ್ಟ್ರಿಷನ್ನರೇ ಕಟ್ಟಿ, ಭೂಮಿಯ ತಂತಿಯನ್ನು ಪರೀಕ್ಷಿಸಿ, ಉಳಿದ ವಿದ್ಯುತ್ತು ತಾನಾಗಿ ಇಳಿದುಹೋಗುವಂತೆ ರೆಸಿಸ್ಟರನ್ನು ಜೋಡಿಸಿ ಮುಚ್ಚಳ ಹಾಕಿದರು. ಪ್ಲಗ್ಗನ್ನು ಕಿತ್ತು ಅಧ್ಯಾಪಿಕೆಯವರ ಮೇಜಿನ ಮೇಲಿಟ್ಟು, ಮೀಟರು ಸೊನ್ನೆಯನ್ನು ತೋರಿಸಿದ ಮೇಲೆಯೇ ಮೈಕಿನ ಒಳಗೆ ಕೈಯಿಡಬೇಕೆಂಬ ನಿಯಮವನ್ನು ಗೋಡೆಯ ಮೇಲೆ ಬರೆದೆವು. ಯಾರೊಬ್ಬಳಿಗೂ ಪೆಟ್ಟು ತಗಲಲಿಲ್ಲ. ಈ ನಿಯಮಗಳು ಗಂಡುಮಕ್ಕಳಿಗಾದರೂ ಇವೇ. ವಿದ್ಯುತ್ತು ಮುಟ್ಟಿದವರು ಯಾರೆಂದು ನೋಡಿ ಹೊಡೆಯುವುದಿಲ್ಲ. ಅದರ ಸ್ವಭಾವವನ್ನು ತಿಳಿದವಳು ತಿಳಿಯದವಳಿಗಿಂತ ಸುರಕ್ಷಿತಳು.

ಇನ್ನು ತಪ್ಪಿನ ಸಂಗತಿ. ಆಗಸ್ಟ್ ತಿಂಗಳಲ್ಲಿ ಮೈಕು ಮೊದಲ ಬಾರಿಗೆ ಮಾತಾಡಿತು. ಬಾಲಿಕೆಯರ ಸಂತೋಷ ಹೇಳತೀರದು. ಆದರೆ ಒಂದು ಕೆಲಸ ಉಳಿದಿತ್ತು. ಬೆಸುಗೆಯ ಮೇಣದ ಅಂಟನ್ನೂ ಬೆರಳಿನ ಜಿಡ್ಡನ್ನೂ ಶುದ್ಧ ಸ್ಪಿರಿಟ್ಟಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಅನಂತರ ಮುಚ್ಚಬೇಕಾಗಿತ್ತು. ಇದಕ್ಕೆ ಇನ್ನೂ ಒಂದು ವಾರ ಬೇಕೆಂದು ಅಧ್ಯಾಪಿಕೆಯವರು ಹೇಳಿದರು. ಟೀಚರಮ್ಮನವರು ಬರುವ ದಿನ ಗೊತ್ತಾಗಿದೆ, ಬೇಗ ಮುಗಿಸಿರಿ ಎಂದು ಅವಸರ ಮಾಡಿದವರು ನಾವು. ತಪ್ಪು ಮಕ್ಕಳದಲ್ಲ.

ಅಂದು ಕರಾವಳಿಯ ಜಡಿಮಳೆ. ಗೋಡೆಗಳೇ ಬೆವರುತ್ತಿದ್ದುವು. ಟೀಚರಮ್ಮನವರು ಮೂರು ಗಂಟೆ ಬಸ್ಸಿನಲ್ಲಿ ಕುಳಿತು ಬಂದು ಹಾಡತೊಡಗಿದರು. ಮೊದಲ ಹಾಡು ಚೆನ್ನಾಗಿ ಬಂತು. ಎರಡನೆಯದರ ನಡುವೆ ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು ಆರಂಭವಾಯಿತು. ಮೂರನೆಯದಕ್ಕೆ ಅದು ಹಾಡನ್ನೇ ಮುಚ್ಚುವಂತಾಯಿತು. ಕಾರಣವನ್ನು ವಾಚಕರು ಈಗಾಗಲೇ ಊಹಿಸಿರಬಹುದು. ಜಿಡ್ಡು ಗಾಳಿಯ ತೇವವನ್ನು ಹೀರಿಕೊಂಡು, ಹತ್ತು ಕೋಟಿ ಓಮಿನ ಪಕ್ಕದಲ್ಲಿ ತನ್ನದೇ ಒಂದು ಕಳ್ಳದಾರಿಯನ್ನು ಮಾಡಿಕೊಂಡಿತ್ತು. ಪಾತ್ರೆ ಸೋರತೊಡಗಿತ್ತು, ಸೋರಿಕೆಯ ಒಂದೊಂದು ಹನಿಯೂ ಸಿಡಿತವಾಗಿ ಕೇಳಿಸುತ್ತಿತ್ತು. ಬಾಲಿಕೆಯರಲ್ಲಿ ಇಬ್ಬರು ಅತ್ತುಬಿಟ್ಟರು. ಟೀಚರಮ್ಮನವರು, "ಅಳಬೇಡಿರಿ ಮಕ್ಕಳೇ. ಶ್ರುತಿ ಕೂಡದಿದ್ದರೆ ತಂಬೂರಿಯನ್ನು ಬಯ್ಯುತ್ತೇವೆಯೇ? ಮತ್ತೆ ಕೂಡಿಸಿರಿ, ಮತ್ತೆ ಬರುತ್ತೇನೆ" ಎಂದು ಹೇಳಿ ಹೋದರು.

ಮರುದಿನವೇ ಮೈಕನ್ನು ಬಿಚ್ಚಿದೆವು. ಬೆಸುಗೆಯ ಜಾಗಗಳನ್ನೂ ವಾಲ್ವಿನ ಪೀಠವನ್ನೂ ಕ್ಯಾಪ್ಸೂಲಿನ ಅಂಚಿನ ನಿರೋಧಕ ಭಾಗವನ್ನೂ ಮೆತ್ತನೆಯ ಕುಂಚದಿಂದ ಸ್ಪಿರಿಟ್ ಹಚ್ಚಿ ತೊಳೆದರು. ಪೊರೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ, ಊದಲೂ ಇಲ್ಲ. ಹತ್ತಿಯ ಕೈಚೀಲ ತೊಟ್ಟು ಪುನಃ ಜೋಡಿಸಿದರು. ಅಂದಿನಿಂದ ಮೈಕನ್ನು ತೇವ ಹೀರುವ ಸಿಲಿಕಾ ಜೆಲ್ ಹರಳುಗಳೊಡನೆ ಬಿಗಿಯಾದ ಡಬ್ಬಿಯಲ್ಲಿ ಇಡುತ್ತೇವೆ. ಹಾಡುವುದಕ್ಕೆ ಅರ್ಧ ಗಂಟೆ ಮೊದಲೇ ವಾಲ್ವನ್ನು ಹೊತ್ತಿಸಿ, ಅದರ ಶಾಖದಿಂದ ಒಳಗಣ ತೇವ ಹೋಗುವಂತೆ ಮಾಡುತ್ತೇವೆ. ಆ ಬಳಿಕ ಸಿಡಿತ ಕೇಳಿಲ್ಲ.

ಮೂಲದ ತಯಾರಕರ ಲಾಂಛನವನ್ನು ಹೋಲುವ ಬಿಲ್ಲೆಯನ್ನು ಅಂಟಿಸೋಣವೇ ಎಂದು ಬಾಲಿಕೆಯೊಬ್ಬಳು ಕೇಳಿದಳು. ಬೇಡವೆಂದೆವು. ತಾಳೆಗರಿಯ ಗ್ರಂಥವನ್ನು ಪ್ರತಿ ಮಾಡಿದವನು ಕೊನೆಯಲ್ಲಿ ತಾನು ಲಿಪಿಕಾರನೆಂದು ಬರೆಯುತ್ತಿದ್ದನೇ ಹೊರತು ಕವಿಯೆಂದು ಬರೆಯುತ್ತಿರಲಿಲ್ಲ. ನಮ್ಮ ಮೈಕಿನ ಒಳಮೈಯಲ್ಲಿ ಆರು ಹೆಸರುಗಳೂ, 'ಯು 47ನ್ನು ನೋಡಿ ಮಾಡಿದ ಪ್ರತಿ. ವಾಲ್ವು ಬೇರೆ' ಎಂಬ ಮಾತೂ ಇವೆ.

ಡಿಸೆಂಬರಿನ ಒಣ ಹವೆಯಲ್ಲಿ ಟೀಚರಮ್ಮನವರು ಮಾತಿನಂತೆ ಮತ್ತೆ ಬಂದರು. ಎರಡು ದಿನಗಳಲ್ಲಿ ಹನ್ನೊಂದು ಹಾಡುಗಳು ಮುದ್ರಿತವಾದುವು. ಅವರ ಉಸಿರು ತೆಗೆದುಕೊಳ್ಳುವ ಸದ್ದೂ ಅದರಲ್ಲಿ ಕೇಳಿಸುತ್ತದೆ. ಆದರೆ ಆಗಸ್ಟಿನಲ್ಲಿ ಮೂರನೆಯದಾಗಿ ಹಾಡಿದ ಬೀಳ್ಕೊಡುಗೆಯ ಹಾಡಿನ ಎರಡನೆಯ ಚರಣ ಅವರಿಗೆ ನೆನಪಾಗಲಿಲ್ಲ. ಬಹಳ ಹೊತ್ತು ಕುಳಿತು ನೋಡಿದರು, ಬರಲಿಲ್ಲ. ಅಂದು ಅವರ ಬಾಯಲ್ಲಿದ್ದ ಆ ನಾಲ್ಕು ಸಾಲುಗಳು ಈಗ ಸಿಡಿತದ ಕೆಳಗೆ ಹೂತುಹೋಗಿವೆ. ಬಾಲಿಕೆಯರು ಕಂಪ್ಯೂಟರಿನಲ್ಲಿ ಎಷ್ಟು ಶೋಧಿಸಿದರೂ ಮೊದಲ ಸಾಲೊಂದೇ ಸ್ಪಷ್ಟವಾಯಿತು. ನಾವು ಆ ಒಂದು ವಾರವನ್ನು ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ.

ಆದುದರಿಂದ ಪೂರ್ವ ವಿದ್ಯಾರ್ಥಿನಿಯರಲ್ಲಿ ಒಂದು ವಿಜ್ಞಾಪನೆ. ಬೀಳ್ಕೊಡುಗೆಯ ದಿನ ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತು ಆ ಹಾಡನ್ನು ಹಾಡಿದವರು ನಿಮ್ಮಲ್ಲಿ ನೂರಾರು ಮಂದಿ ಇದ್ದೀರಿ. ನಮಗೆ ರಾಗ ನೆನಪಿದೆ, ಮಾತು ನೆನಪಿಲ್ಲ. ಎರಡನೆಯ ಚರಣವನ್ನು ಬಲ್ಲವರು, ಒಂದು ಸಾಲನ್ನಾದರೂ ಬಲ್ಲವರು, ದಯವಿಟ್ಟು ಶಾಲೆಗೆ ಬರೆದು ಕಳುಹಿಸಿರಿ. ಇಲ್ಲವೆ ಬಿಡುವಾದಾಗ ಬಂದು ಹಾಡಿರಿ. ಮೈಕು ಡಬ್ಬಿಯಲ್ಲಿ ಒಣಗಿಕೊಂಡು ಸಿದ್ಧವಾಗಿದೆ. ಅರ್ಧ ಗಂಟೆ ಮೊದಲು ತಿಳಿಸಿದರೆ ಸಾಕು, ವಾಲ್ವನ್ನು ಕಾಯಿಸಿ ಇಡುತ್ತೇವೆ.